ಬ್ಯಾಕ್ಟೀರಿಯಾ ಗ್ಲುಟಮೇಟನ್ನು ಒಳಗೆಳೆದುಕೊಳ್ಳಲು ಸೋಡಿಯಂ ಏಕೆ ಬೇಕು?

ಪ್ರಶ್ನೆ: ನಾನು ಕೋಲಾರದಲ್ಲಿ ಸೂಕ್ಷ್ಮಜೀವಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೇನೆ. ಊರು ಶ್ರೀನಿವಾಸಪುರದ ಕಡೆ, ಮನೆಯವರು ಟೊಮೆಟೊ ಬೆಳೆಯುತ್ತಾರೆ. ಬ್ಯಾಕ್ಟೀರಿಯಾಗಳು ಸೋಡಿಯಂ ಕೊಡುವ ಶಕ್ತಿಯಿಂದ ಗ್ಲುಟಮೇಟ್ ಎಂಬ ಅಮೈನೋ ಆಮ್ಲವನ್ನು ಕೋಶದೊಳಕ್ಕೆ ಸಾಗಿಸುತ್ತವೆ ಎಂದು ಪಠ್ಯದಲ್ಲಿದೆ. ಒಳಗೆ ಬಂದ ಸೋಡಿಯಂ ಅನ್ನು ಮತ್ತೆ ಹೊರಹಾಕಲು ಶಕ್ತಿ ಬೇಕಲ್ಲವೇ, ಹಾಗಾದರೆ ಲಾಭವೇನು? ನಮ್ಮ ಕೊಳವೆಬಾವಿಯ ನೀರು ವರ್ಷದಿಂದ ವರ್ಷಕ್ಕೆ ಉಪ್ಪಾಗುತ್ತಿದೆ. ಅದರಿಂದ ಮಣ್ಣಿನ ಬ್ಯಾಕ್ಟೀರಿಯಾಗಳು ಹೆಚ್ಚು ಗ್ಲುಟಮೇಟ್ ಹೀರುತ್ತವೆಯೇ? ಇಷ್ಟು ಬಲವಾಗಿ ಒಳಗೆಳೆದುಕೊಳ್ಳುವ ಜೀವಿಯಿಂದ ಟೇಸ್ಟಿಂಗ್ ಪೌಡರ್ ಕಾರ್ಖಾನೆಯಲ್ಲಿ ಗ್ಲುಟಮೇಟ್ ಹೊರಬರುವುದು ಹೇಗೆ? ಇದರಲ್ಲಿ ಯಾವುದನ್ನಾದರೂ ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಿ ನೋಡಬಹುದೇ?

ಉತ್ತರ: ನಿಮ್ಮ ಮೊದಲ ಸಂಶಯ ನ್ಯಾಯವಾದದ್ದು. ‘ಸೋಡಿಯಂ ಕೊಡುವ ಶಕ್ತಿ’ ಎಂಬ ಮಾತು ಪಠ್ಯಪುಸ್ತಕಗಳಲ್ಲಿ ಎಷ್ಟು ಸವೆದಿದೆಯೆಂದರೆ ಅದು ತಪ್ಪು ಎಂದು ಯಾರಿಗೂ ಹೊಳೆಯುವುದಿಲ್ಲ. ಸೋಡಿಯಂ ಅಯಾನಿನಲ್ಲಿ ಅಡಗಿದ ಶಕ್ತಿ ಏನೂ ಇಲ್ಲ. ಅದು ಉರಿಯುವುದಿಲ್ಲ, ಒಡೆಯುವುದಿಲ್ಲ, ಹೊರಗಿದ್ದಾಗ ಹೇಗಿತ್ತೋ ಒಳಗೆ ಬಂದ ಮೇಲೂ ಹಾಗೆಯೇ ಇರುತ್ತದೆ. ಶಕ್ತಿ ಇರುವುದು ಹೊರಗಿನ ಮತ್ತು ಒಳಗಿನ ಸೋಡಿಯಂ ಪ್ರಮಾಣದ ಅಂತರದಲ್ಲಿ, ಜೊತೆಗೆ ಕೋಶಪೊರೆಯ ಎರಡು ಬದಿಗಳ ನಡುವಿನ ವಿದ್ಯುತ್ ಅಂತರದಲ್ಲಿ. ಈ ವ್ಯತ್ಯಾಸ ಮನಸ್ಸಿನಲ್ಲಿ ಕೂತರೆ ನಿಮ್ಮ ಉಳಿದ ಪ್ರಶ್ನೆಗಳಲ್ಲಿ ಎರಡು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಮೊದಲು ಗ್ಲುಟಮೇಟಿನ ಕಡೆ ನೋಡೋಣ. ನಿಮ್ಮ ತೋಟದ ಟೊಮೆಟೊ ಹಣ್ಣಾಗುತ್ತಾ ಬಂದಂತೆ ಅದರಲ್ಲಿ ಬಿಡಿ ಗ್ಲುಟಮೇಟಿನ ಪ್ರಮಾಣ ಹಲವು ಪಟ್ಟು ಏರುತ್ತದೆ. ಕೋಲಾರದ ಟೊಮೆಟೊ ಸಾರಿನ ರುಚಿಯಲ್ಲಿ ಹುಳಿಯಷ್ಟೇ ಪಾಲು ಅದಕ್ಕೂ ಇದೆ. ಬ್ಯಾಕ್ಟೀರಿಯಾಕ್ಕೆ ಮಾತ್ರ ಅದು ರುಚಿಯ ಮಾತಲ್ಲ, ಬದುಕಿನ ಮಾತು. ಕೋಶದೊಳಗೆ ತಯಾರಾಗುವ ಬಹುಪಾಲು ಸಾರಜನಕ ಸಂಯುಕ್ತಗಳಿಗೆ ಸಾರಜನಕವನ್ನು ಹಂಚುವುದು ಗ್ಲುಟಮೇಟ್. ಪ್ರಯೋಗಾಲಯಗಳ ಚಿರಪರಿಚಿತ ಬ್ಯಾಕ್ಟೀರಿಯಾ ಇ. ಕೋಲಿ ಚೆನ್ನಾಗಿ ಬೆಳೆಯುತ್ತಿರುವಾಗ ಅದರ ಕೋಶದಲ್ಲಿ ಗ್ಲುಟಮೇಟಿನ ಸಾಂದ್ರತೆ ಸುಮಾರು 100 ಮಿಲಿಮೋಲಾರ್, ಅಂದರೆ ಲೀಟರಿಗೆ 100 ಮಿಲಿಮೋಲ್. ಚಯಾಪಚಯದ ಯಾವ ಸಣ್ಣ ಅಣುವೂ ಅಷ್ಟು ದಟ್ಟವಾಗಿ ಅಲ್ಲಿರುವುದಿಲ್ಲ. ಕೋಶದಲ್ಲಿ ತುಂಬಿರುವ ಪೊಟ್ಯಾಸಿಯಮ್ಮಿನ ಧನ ಆವೇಶವನ್ನು ಸರಿದೂಗಿಸುವ ಕೆಲಸದಲ್ಲೂ ಅದಕ್ಕೆ ದೊಡ್ಡ ಪಾಲಿದೆ. ಹೊರಗಿನ ನೀರಿನಲ್ಲಿ, ಮಣ್ಣಿನ ತೇವದಲ್ಲಿ ಗ್ಲುಟಮೇಟ್ ಸಿಗುವುದು ಮೈಕ್ರೋಮೋಲಾರ್ (ಮಿಲಿಮೋಲಾರ್‌ನ ಸಾವಿರದಲ್ಲಿ ಒಂದು ಪಾಲು) ಲೆಕ್ಕದಲ್ಲಿ, ಅಂದರೆ ಸಾವಿರಾರು ಪಟ್ಟು ತೆಳುವಾಗಿ.

ತೆಳುವಾದ ಕಡೆಯಿಂದ ದಟ್ಟವಾದ ಕಡೆಗೆ ಸಾಗಿಸುವುದೇ ಕಷ್ಟ. ಇಲ್ಲಿ ಅದರ ಮೇಲೆ ಇನ್ನೊಂದು ಕಷ್ಟವೂ ಇದೆ. ಸಾಮಾನ್ಯ ಆಮ್ಲತೆಯಲ್ಲಿ ಗ್ಲುಟಮೇಟಿಗೆ ಒಟ್ಟಾರೆ ಒಂದು ಋಣ ಆವೇಶವಿರುತ್ತದೆ. ಬ್ಯಾಕ್ಟೀರಿಯಾ ಕೋಶದ ಒಳಬದಿಯೂ ಹೊರಬದಿಗೆ ಹೋಲಿಸಿದರೆ ಋಣವೇ, 120 ಮಿಲಿವೋಲ್ಟ್ ಅಥವಾ ಅದಕ್ಕೂ ಹೆಚ್ಚು. ಋಣ ಋಣವನ್ನು ದೂಡುತ್ತದೆ. ನಡುವೆ ಎಣ್ಣೆಯಂಥ ಲಿಪಿಡ್ ಪೊರೆ ಬೇರೆ. ಆವೇಶವಿರುವ ಅಣು ಅದನ್ನು ತಾನಾಗಿ ದಾಟಲಾರದು. ಆದ್ದರಿಂದ ವಾಹಕ ಪ್ರೋಟೀನು ಬೇಕೇ ಬೇಕು, ಆ ವಾಹಕಕ್ಕೆ ದೂಡುವ ಬಲವೂ ಬೇಕು.

ನಿಮ್ಮ ಜಿಲ್ಲೆಯಲ್ಲೇ ಇದಕ್ಕೊಂದು ಉದಾಹರಣೆ ಇದೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಪಂಪು ಮಾಡಿ ನರಸಾಪುರದ ಬಳಿಯ ಲಕ್ಷ್ಮೀಸಾಗರ ಕೆರೆಗೆ ಬಿಡುತ್ತಾರೆ. ಅಲ್ಲಿಂದ ಮುಂದೆ ಕೆರೆಯಿಂದ ಕೆರೆಗೆ ನೀರು ಇಳಿಜಾರಿನಲ್ಲಿ ತಾನೇ ಹರಿಯುತ್ತದೆ. ವಿದ್ಯುತ್ ಬಿಲ್ ಬರುವುದು ಪಂಪಿಗೆ, ಕೆಲಸ ನಡೆಯುವುದು ಇಳಿಜಾರಿನಲ್ಲಿ. ಬ್ಯಾಕ್ಟೀರಿಯಾದಲ್ಲಿ ಪಂಪಿನ ಕೆಲಸವನ್ನು ಉಸಿರಾಟದ ಸರಪಳಿ ಮಾಡುತ್ತದೆ: ಆಹಾರವನ್ನು ಉರಿಸಿ ಪ್ರೋಟಾನುಗಳನ್ನು, ಅಂದರೆ ಹೈಡ್ರೋಜನ್ ಅಯಾನುಗಳನ್ನು, ಹೊರದಬ್ಬುತ್ತದೆ. ಆ ಪ್ರೋಟಾನುಗಳು ಮರಳಿ ಒಳಬರುವಾಗ ಅವುಗಳ ವಿನಿಮಯದಲ್ಲಿ ಸೋಡಿಯಂ ಅನ್ನು ಹೊರಕ್ಕೆ ಅಟ್ಟುವ ಪ್ರೋಟೀನುಗಳಿವೆ, ಇ. ಕೋಲಿಯ ಎನ್‌ಎಚ್‌ಎ-ಎ ಎರಡು ಪ್ರೋಟಾನುಗಳನ್ನು ಒಳಬಿಟ್ಟು ಒಂದು ಸೋಡಿಯಂ ಅನ್ನು ಹೊರಗೆ ಕಳಿಸುತ್ತದೆ. ಕಾಲರಾ ರೋಗಾಣುವಿನಂಥ ಕೆಲವು ಜೀವಿಗಳಲ್ಲಿ ಈ ಮಧ್ಯವರ್ತಿಯೂ ಬೇಡ, ಉಸಿರಾಟದ ಸರಪಳಿಯ ಒಂದು ಕೊಂಡಿಯೇ ನೇರವಾಗಿ ಸೋಡಿಯಂ ಅನ್ನು ಹೊರಹಾಕುತ್ತದೆ. ಒಟ್ಟಿನಲ್ಲಿ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಕಡಿಮೆ, ಒಳಬದಿ ಋಣ. ಗ್ಲುಟಮೇಟಿನ ವಾಹಕ ಬಳಸಿಕೊಳ್ಳುವುದು ಈ ಇಳಿಜಾರನ್ನು.

ಹಾಗಾದರೆ ಲಾಭ ಎಷ್ಟು ಎಂಬುದು ನಿಮ್ಮ ಪ್ರಶ್ನೆ. ಇದನ್ನು ಮಾತಿನಲ್ಲಿ ತೀರಿಸುವುದಕ್ಕಿಂತ ಕಾಗದದ ಮೇಲೆ ಲೆಕ್ಕ ಹಾಕುವುದು ಒಳ್ಳೆಯದು, ಏಕೆಂದರೆ ಲೆಕ್ಕದ ಫಲ ನಿಜಕ್ಕೂ ಬೆರಗು ಹುಟ್ಟಿಸುತ್ತದೆ. ಹೊರಗೆ 100, ಒಳಗೆ 10 ಮಿಲಿಮೋಲಾರ್ ಸೋಡಿಯಂ ಇದೆ ಎಂದುಕೊಳ್ಳಿ, ಅನುಪಾತ ಹತ್ತು. ಪೊರೆಯ ವಿದ್ಯುತ್ ಅಂತರ 120 ಮಿಲಿವೋಲ್ಟ್ ಇರಲಿ. ಒಂದು ಆವೇಶಕ್ಕೆ 60 ಮಿಲಿವೋಲ್ಟ್ ಎಂದರೆ ಹತ್ತು ಪಟ್ಟು ಸಾಂದ್ರತೆಗೆ ಸಮ ಎಂಬ ಸೂತ್ರ ನಿಮಗೆ ಗೊತ್ತಿದೆ. ಒಂದು ಗ್ಲುಟಮೇಟಿನ ಜೊತೆ ಒಂದೇ ಸೋಡಿಯಂ ಬಂದರೆ ಧನ, ಋಣ ಪರಸ್ಪರ ಕಳೆದುಹೋಗುತ್ತವೆ; ವಿದ್ಯುತ್ ಅಂತರದಿಂದ ಏನೂ ದಕ್ಕುವುದಿಲ್ಲ. ಸೋಡಿಯಂ ಇಳಿಜಾರಿನಿಂದ ಹತ್ತು ಪಟ್ಟು ಸಿಗುತ್ತದೆ, ಅಷ್ಟೇ. ಎರಡು ಸೋಡಿಯಂ ಬಂದರೆ ಸೋಡಿಯಂ ಲೆಕ್ಕದಿಂದ ಹತ್ತು ಗುಣಿಸು ಹತ್ತು, ಅಂದರೆ ನೂರು. ಒಂದು ಧನ ಆವೇಶ ಹೆಚ್ಚಾಗಿ ಉಳಿಯುವುದರಿಂದ ವಿದ್ಯುತ್ ಲೆಕ್ಕದಿಂದ ಮತ್ತೊಂದು ನೂರು. ಒಟ್ಟು 10,000 ಪಟ್ಟು. ಮೂರು ಸೋಡಿಯಂ ಬಂದರೆ ಸಾವಿರ ಗುಣಿಸು ಹತ್ತು ಸಾವಿರ. ಒಂದು ಕೋಟಿ ಪಟ್ಟು!

ಇದರ ಅರ್ಥ ಹೀಗೆ. ಒಳಗೆ 100 ಮಿಲಿಮೋಲಾರ್ ಗ್ಲುಟಮೇಟ್ ತುಂಬಿದ್ದಾಗಲೂ, ಒಂದೇ ಸೋಡಿಯಂ ಬಳಸುವ ಜೀವಿಗೆ ಹೊರಗೆ 10 ಮಿಲಿಮೋಲಾರ್ ಇದ್ದರೆ ಮಾತ್ರ ಇನ್ನಷ್ಟು ಎಳೆದುಕೊಳ್ಳಲು ಸಾಧ್ಯ. ಎರಡು ಬಳಸುವ ಜೀವಿ 10 ಮೈಕ್ರೋಮೋಲಾರ್ ತನಕ ಹೀರಬಲ್ಲದು. ಮೂರು ಬಳಸುವ ಜೀವಿಗೆ 10 ನ್ಯಾನೋಮೋಲಾರ್, ಅಂದರೆ ಅದರ ಸಾವಿರದಲ್ಲಿ ಒಂದು ಪಾಲು, ಕೂಡ ಸಾಕು. ಇವು ತಾತ್ತ್ವಿಕ ಮಿತಿಗಳು; ನಿಜವಾದ ಕೋಶ ಅಲ್ಲಿಯತನಕ ಹೋಗುವುದಿಲ್ಲ. ಆದರೂ ಅಯಾನುಗಳ ಸಂಖ್ಯೆ ಒಂದೊಂದೇ ಏರಿದರೆ ಸಾಮರ್ಥ್ಯ ಸಾವಿರ ಪಟ್ಟಿನಂತೆ ಏರುತ್ತದೆ ಎಂಬುದು ಸ್ಪಷ್ಟ.

ಖರ್ಚು? ಒಳಬಂದ ಮೂರು ಸೋಡಿಯಂಗಳನ್ನು ಹೊರಹಾಕಲು ಆರು ಪ್ರೋಟಾನುಗಳು ಬೇಕು. ಇ. ಕೋಲಿಯಲ್ಲಿ ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಒಂದನ್ನು ತಯಾರಿಸಲು ಮೂರಕ್ಕಿಂತ ತುಸು ಹೆಚ್ಚು ಪ್ರೋಟಾನುಗಳು ಒಳಹರಿಯಬೇಕು. ಆ ಲೆಕ್ಕದಲ್ಲಿ ಒಂದು ಗ್ಲುಟಮೇಟಿಗೆ ಹೆಚ್ಚುಕಡಿಮೆ ಎರಡು ಎಟಿಪಿ ಬೆಲೆ. ಎಟಿಪಿಯನ್ನೇ ನೇರವಾಗಿ ಒಡೆದು ಕೆಲಸ ಮಾಡುವ ಇನ್ನೊಂದು ಬಗೆಯ ವಾಹಕವೂ ಇ. ಕೋಲಿಯಲ್ಲಿದೆ, ಅದರ ಬೆಲೆಯೂ ಸುಮಾರು ಅಷ್ಟೇ. ಅದರ ಬದಲು ಗ್ಲುಟಮೇಟನ್ನು ಒಳಗೇ ತಯಾರಿಸಿಕೊಳ್ಳುತ್ತೇನೆ ಎಂದರೆ, ಉರಿಸಬಹುದಾಗಿದ್ದ ಇಂಗಾಲದ ಅಣುವೊಂದನ್ನು ಬಿಟ್ಟುಕೊಡಬೇಕು, ಅಮೋನಿಯ ಹುಡುಕಬೇಕು, ಅಪಕರ್ಷಣ ಶಕ್ತಿಯನ್ನೂ (ಆಹಾರದಿಂದ ಪಡೆದ ಎಲೆಕ್ಟ್ರಾನುಗಳನ್ನೂ) ತೆರಬೇಕು. ಸಿದ್ಧ ಸರಕು ಹೊರಗೆ ಸಿಗುತ್ತಿರುವಾಗ ಎರಡು ಎಟಿಪಿ ಅಗ್ಗವೇ.

ಆದರೂ ಪ್ರೋಟಾನನ್ನೇ ನೇರವಾಗಿ ಬಳಸಬಹುದಿತ್ತಲ್ಲ, ಸೋಡಿಯಂ ಎಂಬ ಮಧ್ಯದ ಹೆಜ್ಜೆ ಏಕೆ? ಎಲ್ಲ ಬ್ಯಾಕ್ಟೀರಿಯಾಗಳೂ ಸೋಡಿಯಂ ಬಳಸುವುದಿಲ್ಲ. ಇ. ಕೋಲಿಯೊಂದರಲ್ಲೇ ಮೂರು ದಾರಿಗಳಿವೆ: ಸೋಡಿಯಂ ಬಳಸುವ ಜಿಎಲ್‌ಟಿ-ಎಸ್, ಪ್ರೋಟಾನು ಬಳಸುವ ಜಿಎಲ್‌ಟಿ-ಪಿ, ಮತ್ತು ನಾನು ಮೇಲೆ ಹೇಳಿದ ಎಟಿಪಿ ಬಳಸುವ ವಾಹಕ. ಸೋಡಿಯಂಗೆ ಮೇಲುಗೈ ಆಗುವುದು ಎರಡು ಸಂದರ್ಭಗಳಲ್ಲಿ. ಒಂದು, ಕ್ಷಾರೀಯ ಪರಿಸರ. ಹೊರಗಿನ ಪಿಎಚ್ ಒಂಬತ್ತು, ಹತ್ತು ಆದಾಗಲೂ ಬ್ಯಾಕ್ಟೀರಿಯಾ ತನ್ನ ಒಳಗನ್ನು ಅದಕ್ಕಿಂತ ಕಡಿಮೆ ಪಿಎಚ್‌ನಲ್ಲಿ ಇಟ್ಟುಕೊಳ್ಳಬೇಕು; ಆಗ ಪ್ರೋಟಾನುಗಳ ಸಾಂದ್ರತೆಯ ಇಳಿಜಾರು ತಿರುಗುಮುರುಗಾಗುತ್ತದೆ, ಸೋಡಿಯಂ ಇಳಿಜಾರು ಮಾತ್ರ ಕೆಡುವುದಿಲ್ಲ. ಇನ್ನೊಂದು, ಬಿಸಿ. ಉಷ್ಣತೆ ಏರಿದಂತೆ ಪೊರೆಯ ಮೂಲಕ ಪ್ರೋಟಾನುಗಳು ಸೋರತೊಡಗುತ್ತವೆ. ಸೋಡಿಯಂ ಅಷ್ಟು ಸುಲಭವಾಗಿ ಸೋರುವುದಿಲ್ಲ. ನೆದರ್ಲೆಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾಲಯದಲ್ಲಿ ಕೋನಿಂಗ್ಸ್ ಮತ್ತು ಅವರ ಸಂಗಡಿಗರು ಬಿಸಿಯಲ್ಲಿ ಬದುಕುವ ಬ್ಯಾಸಿಲಸ್ ಜಾತಿಗಳ ಜಿಎಲ್‌ಟಿ-ಟಿ ವಾಹಕವನ್ನು ವರ್ಷಗಟ್ಟಲೆ ಶೋಧಿಸಿದರು. ಅದು ಸೋಡಿಯಂ, ಪ್ರೋಟಾನು ಎರಡನ್ನೂ ಗ್ಲುಟಮೇಟಿನ ಜೊತೆಗೇ ಒಳತರುತ್ತದೆ.

ಒಂದು ಅಡ್ಡಮಾತು. ಸೋಡಿಯಂ ವಿರಳವಾದ ಕಡೆ ಜೀವಿಗಳು ಬೇರೆ ಅಯಾನನ್ನೂ ಹಿಡಿಯುತ್ತವೆ. ಪಕ್ಕದ ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಗೂಡನ್ನು ಕಟ್ಟಿದ ರೇಷ್ಮೆಹುಳು ಜೀವನವಿಡೀ ತಿಂದದ್ದು ಹಿಪ್ಪುನೇರಳೆ ಸೊಪ್ಪು. ಅದರಲ್ಲಿ ಪೊಟ್ಯಾಸಿಯಮ್ ಧಾರಾಳ, ಸೋಡಿಯಂ ಅತ್ಯಲ್ಪ. ಎಲೆ ತಿನ್ನುವ ಇಂಥ ಹುಳುಗಳ ಕರುಳು ಅಮೈನೋ ಆಮ್ಲಗಳನ್ನು ಹೀರಲು ಪೊಟ್ಯಾಸಿಯಮ್ ಇಳಿಜಾರನ್ನೇ ಬಳಸುತ್ತದೆ. ಅಯಾನು ಯಾವುದು ಎಂಬುದು ಊಟದ ಮೇಲೆ ನಿಂತಿದೆ, ತಂತ್ರ ಒಂದೇ.

ಇನ್ನು ಯಂತ್ರದ ಒಳಗೆ ಏನು ನಡೆಯುತ್ತದೆ ಎಂಬುದಕ್ಕೆ ಬರುತ್ತೇನೆ. ಪಠ್ಯಪುಸ್ತಕದ ಚಿತ್ರದಲ್ಲಿ ಒಂದು ಕೊಳವೆ, ಅದರೊಳಕ್ಕೆ ಎರಡು ಬಾಣ. ಒಂದರ ಮೇಲೆ ಸೋಡಿಯಂ, ಇನ್ನೊಂದರ ಮೇಲೆ ಗ್ಲುಟಮೇಟ್. ಈ ಚಿತ್ರ ನಿಜವಾಗಿದ್ದರೆ ಕೋಶ ಒಂದು ಗಂಟೆಯೂ ಬದುಕುತ್ತಿರಲಿಲ್ಲ. ಕೊಳವೆಯಲ್ಲಿ ಸೋಡಿಯಂ ಒಂಟಿಯಾಗಿಯೂ ನುಗ್ಗಬಹುದಲ್ಲ! ಸೋಡಿಯಂ ಒಂಟಿಯಾಗಿ ಒಳಬಂದರೆ ಕಷ್ಟಪಟ್ಟು ಕಟ್ಟಿದ ಇಳಿಜಾರು ಏನನ್ನೂ ಸಾಗಿಸದೆ ಬರಿದಾಗುತ್ತದೆ. ಆದ್ದರಿಂದ ವಾಹಕದ ಜಾಣತನ ಇರುವುದು ಸಾಗಿಸುವುದರಲ್ಲಿ ಅಲ್ಲ, ಸಾಗಿಸಲು ನಿರಾಕರಿಸುವುದರಲ್ಲಿ. ಸೋಡಿಯಂ ಕೂತಿದೆ, ಗ್ಲುಟಮೇಟ್ ಕೂತಿಲ್ಲ ಎಂದಾಗ ವಾಹಕ ಅಲುಗಬಾರದು.

ಈ ನಿರಾಕರಣೆ ಹೇಗೆ ನಡೆಯುತ್ತದೆ ಎಂಬುದು ತಿಳಿದದ್ದು ಬ್ಯಾಕ್ಟೀರಿಯಾದಿಂದಲ್ಲ, ಆರ್ಕಿಯಾ ಎಂಬ ಬೇರೆಯೇ ಗುಂಪಿನ ಜೀವಿಯಿಂದ. ಪೈರೋಕಾಕಸ್ ಹೊರಿಕೊಶಿ ಎಂಬುದು ಜಪಾನಿನ ಓಕಿನಾವಾ ಬಳಿಯ ಆಳ ಸಮುದ್ರದ ಬಿಸಿನೀರಿನ ಬುಗ್ಗೆಯಲ್ಲಿ ಸಿಕ್ಕ ಜೀವಿ. 98 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. ಅದರ ಜಿಎಲ್‌ಟಿ-ಪಿಎಚ್ ಎಂಬ ಪ್ರೋಟೀನಿನ ರಚನೆಯನ್ನು ಎರಿಕ್ ಗೌ ಅವರ ತಂಡ 2004ರಲ್ಲಿ ಸ್ಫಟಿಕ ವಿಧಾನದಿಂದ ಬಿಡಿಸಿತು. ಇದು ಬ್ಯಾಸಿಲಸ್‌ನ ಜಿಎಲ್‌ಟಿ-ಟಿ, ಇ. ಕೋಲಿಯ ಜಿಎಲ್‌ಟಿ-ಪಿ, ಅಷ್ಟೇ ಏಕೆ ನಮ್ಮ ಮೆದುಳಿನ ಗ್ಲುಟಮೇಟ್ ವಾಹಕಗಳ ಕುಟುಂಬಕ್ಕೇ ಸೇರಿದ್ದು. ಇ. ಕೋಲಿಯ ಜಿಎಲ್‌ಟಿ-ಎಸ್ ಮಾತ್ರ ಬೇರೆ ಕುಟುಂಬ. ಇನ್ನೊಂದು ಎಚ್ಚರಿಕೆ: ಜಿಎಲ್‌ಟಿ-ಪಿಎಚ್ ಹೆಸರಿಗೆ ಗ್ಲುಟಮೇಟ್ ವಾಹಕವಾದರೂ ಅದು ಬಿಗಿಯಾಗಿ ಹಿಡಿಯುವುದು ಆಸ್ಪಾರ್ಟೇಟ್ ಎಂಬ ಸೋದರ ಅಮೈನೋ ಆಮ್ಲವನ್ನು. ಪರೀಕ್ಷೆಯಲ್ಲಿ ಇವುಗಳನ್ನೆಲ್ಲ ಕಲಸಿ ಬರೆಯುವವರೇ ಹೆಚ್ಚು, ನೀವು ಹಾಗೆ ಮಾಡಬೇಡಿ.

ರಚನೆ ಹೀಗಿದೆ. ಒಂದೇ ಬಗೆಯ ಮೂರು ಪ್ರೋಟೀನುಗಳು ಸೇರಿ ಹೊರಕ್ಕೆ ಬಾಯ್ದೆರೆದ ಬಟ್ಟಲಿನ ಆಕಾರವಾಗುತ್ತದೆ. ಪ್ರತಿಯೊಂದರಲ್ಲೂ ಎರಡು ಭಾಗ: ಪೊರೆಯಲ್ಲಿ ಅಲುಗದೆ ನಿಲ್ಲುವ ಚೌಕಟ್ಟು, ಮತ್ತು ಸರಕನ್ನು ಹಿಡಿದು ಮೇಲೆ ಕೆಳಗೆ ಚಲಿಸುವ ಭಾಗ. 2009ರಲ್ಲಿ ಓಲ್ಗಾ ಬೌಡ್ಕರ್ ಅವರ ತಂಡ ಒಂದು ಒಳ್ಳೆಯ ಉಪಾಯ ಮಾಡಿತು. ಪ್ರೋಟೀನಿನ ಎರಡು ಜಾಗಗಳಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲ ಕೂರಿಸಿ, ಅವೆರಡೂ ಹತ್ತಿರ ಬಂದ ಗಳಿಗೆಯಲ್ಲಿ ಪಾದರಸದಿಂದ ಬೆಸೆದು, ಯಂತ್ರವನ್ನು ಒಳಮುಖ ಸ್ಥಿತಿಯಲ್ಲೇ ಕಟ್ಟಿಹಾಕಿತು. ಆಗ ಕಂಡದ್ದು: ಸರಕು ಹಿಡಿದ ಭಾಗ ಇಡಿಯಾಗಿ ಸುಮಾರು 1.5 ನ್ಯಾನೋಮೀಟರಿನಷ್ಟು ಕೆಳಗಿಳಿದಿತ್ತು. ಪೊರೆಯ ದಪ್ಪವೇ ನಾಲ್ಕೈದು ನ್ಯಾನೋಮೀಟರ್ ಎಂಬುದನ್ನು ನೆನೆದರೆ ಇದು ಪ್ರೋಟೀನಿಗೆ ದೊಡ್ಡ ಪ್ರಯಾಣ. ಲಿಫ್ಟ್ ವಿಧಾನ ಎಂದು ಅದನ್ನು ಕರೆಯುತ್ತಾರೆ. ಮೂರು ಪ್ರೋಟೀನುಗಳು ಒಟ್ಟಾಗಿ ಇಳಿಯುತ್ತವೆಯೋ ತಮ್ಮ ಪಾಡಿಗೆ ತಾವೋ ಎಂಬ ಚರ್ಚೆ ಇತ್ತು. 2013ರಲ್ಲಿ ಒಂದೊಂದೇ ಅಣುವಿನ ಹೊಳಪನ್ನು ಅಳೆದ ಪ್ರಯೋಗಗಳು ಅವು ಒಂದಕ್ಕೊಂದು ಕಾಯದೆ ಚಲಿಸುತ್ತವೆ ಎಂದು ತೋರಿಸಿದವು.

ಈಗ ನಿರಾಕರಣೆಯ ವಿಷಯ. ಚಲಿಸುವ ಭಾಗದ ಹೊರಬದಿಯಲ್ಲಿ ಎರಡನೆಯ ಹೇರ್‌ಪಿನ್ ಎಂಬ ಬಾಗಿದ ತುಂಡಿದೆ, ಅದೇ ಕದ. ಮೊದಲು ಎರಡು ಸೋಡಿಯಂಗಳು ಆಳದಲ್ಲಿರುವ ತಮ್ಮ ಜಾಗಗಳಲ್ಲಿ ಕೂರುತ್ತವೆ. ಅವು ಕೂತ ಮೇಲೆಯೇ ಅಮೈನೋ ಆಮ್ಲ ಹಿಡಿಯುವ ಜಾಗಕ್ಕೆ ಸರಿಯಾದ ಆಕಾರ ಬರುತ್ತದೆ. ಆದರೆ ಅದೇ ಹೊತ್ತಿಗೆ ಕದ ತೆರೆದುಕೊಂಡು ನಿಲ್ಲುತ್ತದೆ. ಕದ ತೆರೆದಿರುವಷ್ಟು ಹೊತ್ತು ಆ ಭಾಗ ಚೌಕಟ್ಟಿಗೆ ತಡೆದು ಕೆಳಗಿಳಿಯಲಾರದು. ಅಮೈನೋ ಆಮ್ಲ ಬಂದು ಕೂತು, ಅದರ ಹಿಂದೆಯೇ ಮೂರನೆಯ ಸೋಡಿಯಂ ಬಂದರೆ ಕದ ಮುಚ್ಚುತ್ತದೆ. ಆಗ ಮಾತ್ರ ಇಳಿತ. ಒಳಬದಿಯಲ್ಲಿ ಸೋಡಿಯಂ ಕಡಿಮೆ ಇರುವುದರಿಂದ ಮೂರನೆಯ ಸೋಡಿಯಂ ಕಳಚಿಕೊಳ್ಳುತ್ತದೆ, ಸರಕಿನ ಹಿಡಿತ ಸಡಿಲವಾಗುತ್ತದೆ. ಮೂರು ಅಯಾನುಗಳು ಹಿಡಿತಕ್ಕೆ ಬೇಕಾಗಿರುವುದರಿಂದ ಸೋಡಿಯಂ ಹತ್ತರಲ್ಲಿ ಒಂದು ಪಾಲಾದರೆ ಹಿಡಿತ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುವ ಕಡೆ ಸಾಗುತ್ತದೆ. ಹೊರಗೆ ಬಿಗಿಯಾಗಿ ಹಿಡಿದ ಕೈಯೇ ಒಳಗೆ ತಾನಾಗಿ ಬಿಡುತ್ತದೆ. ಎಲ್ಲವೂ ಖಾಲಿಯಾದ ಮೇಲೆ ಕದ ಮತ್ತೆ ಮುಚ್ಚಿಕೊಳ್ಳಬಲ್ಲದು, ಖಾಲಿ ಭಾಗ ಮೇಲೆ ಬರುತ್ತದೆ. ಪೂರ್ತಿ ತುಂಬಿದ್ದರೆ ಪ್ರಯಾಣ ಉಂಟು, ಪೂರ್ತಿ ಖಾಲಿಯಿದ್ದರೂ ಉಂಟು. ಅರೆಬರೆ ತುಂಬಿದ್ದರೆ ಇಲ್ಲ.

ಇದು ಚುರುಕಿನ ಯಂತ್ರವಲ್ಲ. ಕೋಣೆಯ ಉಷ್ಣತೆಯಲ್ಲಿ ಜಿಎಲ್‌ಟಿ-ಪಿಎಚ್‌ಗೆ ಒಂದು ಸುತ್ತಿಗೆ ನಿಮಿಷಗಳೇ ಹಿಡಿಯುತ್ತವೆ. ತನ್ನ ಮನೆಯಾದ ಕುದಿನೀರಿನಲ್ಲಿ ಅದು ಬಹಳ ವೇಗವಾಗಿರುತ್ತದೆ. ನಮ್ಮ ಮೆದುಳಿನ ವಾಹಕಗಳು ಇದೇ ನಕ್ಷೆಯ ಮೇಲೆ ಇನ್ನಷ್ಟು ಸೇರಿಸಿಕೊಂಡಿವೆ: ಮೂರು ಸೋಡಿಯಂ ಮತ್ತು ಒಂದು ಪ್ರೋಟಾನು ಒಳಗೆ, ಒಂದು ಪೊಟ್ಯಾಸಿಯಮ್ ಹೊರಗೆ.

ಇದನ್ನೆಲ್ಲ ರಚನೆ ಕಾಣುವ ಮೊದಲೇ ಬಹಳ ಮಂದಿ ಊಹಿಸಿದ್ದರು, ಆ ಹಳೆಯ ಪ್ರಯೋಗಗಳನ್ನು ನಾನು ವಿದ್ಯಾರ್ಥಿಗಳಿಗೆ ಬಿಡದೆ ಹೇಳುತ್ತೇನೆ. ಸೋಡಿಯಂ ಹಾಕಿದರೆ ಇ. ಕೋಲಿ ಹೆಚ್ಚು ಗ್ಲುಟಮೇಟ್ ಹೀರುತ್ತದೆ ಎಂದು ಫ್ರ್ಯಾಂಕ್ ಮತ್ತು ಹಾಪ್ಕಿನ್ಸ್ 1969ರಲ್ಲಿ ವರದಿ ಮಾಡಿದರು. ಆದರೆ ‘ಸೋಡಿಯಂ ಬೇಕು’ ಎಂಬುದು ಬೇರೆ, ‘ಸೋಡಿಯಂ ಇಳಿಜಾರು ದೂಡುತ್ತದೆ’ ಎಂಬುದು ಬೇರೆ. ಎರಡನೆಯದನ್ನು ತೋರಿಸಲು ಕೋಶವನ್ನು ಒಡೆದು ಪೊರೆಯ ಸಣ್ಣ ಚೀಲಗಳನ್ನು ಮಾಡಿಕೊಳ್ಳಬೇಕು. ಒಳಗೆ ಎಟಿಪಿ ಇಲ್ಲ, ಚಯಾಪಚಯ ಇಲ್ಲ, ಬರೀ ಪೊರೆ ಮತ್ತು ವಾಹಕ. ಚೀಲದೊಳಗೆ ಪೊಟ್ಯಾಸಿಯಮ್ ತುಂಬಿಸಿ, ಹೊರಗೆ ಸೋಡಿಯಂ ಇಟ್ಟು, ವಿಕಿರಣಶೀಲ ಗ್ಲುಟಮೇಟ್ ಹಾಕಿದರೆ ಅದು ಒಳಗೆ ಶೇಖರವಾಗುತ್ತದೆ. ವ್ಯಾಲಿನೊಮೈಸಿನ್ ಸೇರಿಸಿದರೆ ಪೊಟ್ಯಾಸಿಯಮ್ ಹೊರಸೋರಿ ಒಳಬದಿ ಋಣವಾಗುತ್ತದೆ. ವಾಹಕ ಹೆಚ್ಚುವರಿ ಧನ ಆವೇಶವನ್ನು ಒಳತರುವಂಥದ್ದಾದರೆ ಶೇಖರಣೆ ಏರುತ್ತದೆ. ಮೊನೆನ್ಸಿನ್ ಹಾಕಿ ಸೋಡಿಯಂ ಇಳಿಜಾರನ್ನು ಕೆಡವಿದರೆ ಶೇಖರಣೆ ಕುಸಿಯುತ್ತದೆ. ಉಪ್ಪುನೀರಿನ ಆರ್ಕಿಯಾ ಹ್ಯಾಲೊಬ್ಯಾಕ್ಟೀರಿಯಂನ ಚೀಲಗಳಲ್ಲಿ ಯಾನೋಸ್ ಲಾನಿ ಮತ್ತು ಸಂಗಡಿಗರು 1970ರ ದಶಕದಲ್ಲಿ ಇನ್ನೂ ಸೊಗಸಾದದ್ದನ್ನು ಕಂಡರು. ಅದರ ಪೊರೆಯಲ್ಲಿ ಬೆಳಕಿನಿಂದ ನಡೆಯುವ ಪಂಪಿದೆ; ಬೆಳಕು ಬಿಟ್ಟರೆ ಪ್ರೋಟಾನು ಹೊರಹೋಗುತ್ತದೆ, ಅದರ ಬಲದಿಂದ ಸೋಡಿಯಂ ಹೊರಹೋಗುತ್ತದೆ, ಆಮೇಲೆ ಗ್ಲುಟಮೇಟ್ ಒಳಬರುತ್ತದೆ. ಕತ್ತಲಲ್ಲೇ ಇಟ್ಟು, ಸೋಡಿಯಂ ಇಳಿಜಾರನ್ನು ಮಾತ್ರ ಕೃತಕವಾಗಿ ಒದಗಿಸಿದರೂ ಗ್ಲುಟಮೇಟ್ ಒಳಬರುತ್ತದೆ. ನಿಮ್ಮ ಪಠ್ಯದ ಒಂದು ಅಧ್ಯಾಯಕ್ಕಿಂತ ಈ ಒಂದು ಪ್ರಯೋಗ ಹೆಚ್ಚು ಹೇಳುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೊಳವೆಬಾವಿಯ ಪ್ರಶ್ನೆಗೆ ಉತ್ತರ ಚಿಕ್ಕದು: ಇಲ್ಲ. 23 ಮಿಲಿಗ್ರಾಂ ಸೋಡಿಯಂ ಎಂದರೆ ಒಂದು ಮಿಲಿಮೋಲ್. ನಿಮ್ಮ ನೀರಿನ ವರದಿಯಲ್ಲಿ ಲೀಟರಿಗೆ 115 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಅದು 5 ಮಿಲಿಮೋಲಾರ್. ಇಂಥ ವಾಹಕಗಳ ಸೋಡಿಯಂ ಹಸಿವು ಕೆಲವೇ ಮಿಲಿಮೋಲಾರ್‌ನಿಂದ ಕೆಲವು ಹತ್ತು ಮಿಲಿಮೋಲಾರ್‌ನೊಳಗೆ ತಣಿಯುತ್ತದೆ. ಅದರಾಚೆ ಉಪ್ಪು ಸುರಿದರೆ ವೇಗ ಏರುವುದಿಲ್ಲ. ಮೇಲಾಗಿ ಮಣ್ಣಿನ ತೇವದಲ್ಲಿ ಕೊರತೆ ಇರುವುದು ಗ್ಲುಟಮೇಟಿನದ್ದೇ. ಉಪ್ಪು ನಿಜಕ್ಕೂ ಹೆಚ್ಚಾದಾಗ ಬ್ಯಾಕ್ಟೀರಿಯಾದೊಳಗೆ ಗ್ಲುಟಮೇಟ್ ಏರುವುದು ಉಂಟು, ಆದರೆ ಕಾರಣ ಬೇರೆ: ನೀರು ಹೊರಸೋರದಂತೆ ಅದು ಪೊಟ್ಯಾಸಿಯಮ್ ಎಳೆದುಕೊಳ್ಳುತ್ತದೆ, ಆ ಆವೇಶವನ್ನು ಸರಿದೂಗಿಸಲು ಗ್ಲುಟಮೇಟನ್ನು ಬಹುಮಟ್ಟಿಗೆ ತಾನೇ ತಯಾರಿಸಿಕೊಳ್ಳುತ್ತದೆ, ಆಮೇಲೆ ಟ್ರೆಹಲೋಸ್, ಬೀಟೈನ್‌ನಂಥ ನಿರಪಾಯಕಾರಿ ಅಣುಗಳಿಗೆ ಬದಲಾಯಿಸಿಕೊಳ್ಳುತ್ತದೆ. ನಿಮ್ಮ ಮನೆಯವರಿಗೆ ಚಿಂತೆಯಾಗಬೇಕಾದ್ದು ಬ್ಯಾಕ್ಟೀರಿಯಾದ ಊಟವಲ್ಲ, ಜೇಡಿಯ ಕಣಗಳಿಗೆ ಅಂಟುವ ಸೋಡಿಯಂ. ಕಣಗಳಿಗೆ ಅಂಟಿದ ಒಟ್ಟು ಧನ ಅಯಾನುಗಳಲ್ಲಿ ಅದು ಶೇಕಡ 15 ದಾಟಿ, ಪಿಎಚ್ 8.5ಕ್ಕಿಂತ ಮೇಲಿದ್ದರೆ ಮಣ್ಣು ಕ್ಷಾರ ಮಣ್ಣಾಗುತ್ತದೆ. ನೀರು ಇಂಗುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಮಣ್ಣು ಮತ್ತು ನೀರು ಎರಡನ್ನೂ ಪರೀಕ್ಷೆ ಮಾಡಿಸಿದ ಮೇಲೆ ಜಿಪ್ಸಂ ಎಷ್ಟು ಎಂಬುದನ್ನು ನಿರ್ಧರಿಸಲಿ. ಅಂದಾಜಿನ ಮೇಲೆ ಹಾಕುವುದು ಬೇಡ.

ತೋಟಕ್ಕೆ ನಿಜವಾಗಿ ಸಂಬಂಧಿಸಿದ ಇನ್ನೊಂದು ಸಂಗತಿ ಇದೆ, ನೀವು ಕೇಳದಿದ್ದರೂ ಹೇಳುತ್ತೇನೆ. ಮಣ್ಣಿನಲ್ಲಿ ಎಲ್ಲೆಡೆ ಇರುವ ಬ್ಯಾಸಿಲಸ್ ಸಬ್ಟಿಲಿಸ್ ಕೋಶದೊಳಕ್ಕೆ ಗ್ಲೈಫೋಸೇಟ್ ಕಳೆನಾಶಕ ಹೋಗುವ ಮುಖ್ಯ ದಾರಿ ಇದೇ ಜಿಎಲ್‌ಟಿ-ಟಿ ವಾಹಕ. ಜರ್ಮನಿಯ ವಿಜ್ಞಾನಿಗಳು 2019ರಲ್ಲಿ ಇದನ್ನು ಪ್ರಕಟಿಸಿದರು: ಕಳೆನಾಶಕವಿದ್ದ ಮಾಧ್ಯಮದಲ್ಲಿ ಬದುಕಿ ಉಳಿದ ರೂಪಾಂತರಗಳಲ್ಲಿ ಈ ವಾಹಕದ ಜೀನು ಕೆಟ್ಟಿತ್ತು. ಗ್ಲುಟಮೇಟನ್ನು ಒಳತರುವ ಯಂತ್ರ ಅದನ್ನು ಹೋಲುವ ವಿಷವನ್ನೂ ಒಳತರುತ್ತದೆ. ಯಂತ್ರವನ್ನೇ ಕಳೆದುಕೊಂಡ ಜೀವಿ ವಿಷದಿಂದ ಪಾರಾಗುತ್ತದೆ, ಆದರೆ ಊಟದ ಒಂದು ದಾರಿಯನ್ನೂ ಕಳೆದುಕೊಳ್ಳುತ್ತದೆ.

ಟೇಸ್ಟಿಂಗ್ ಪೌಡರಿನ ವಿಷಯ. ಕಡಲಕಳೆಯ ಸಾರಿನಲ್ಲಿ ಗ್ಲುಟಮೇಟಿನ ರುಚಿಯನ್ನು ಕಿಕುನಾಯೆ ಇಕೆಡಾ ಗುರುತಿಸಿದ್ದು 1908ರಲ್ಲಿ. ಅದನ್ನು ಸುರಿಸುವ ಬ್ಯಾಕ್ಟೀರಿಯಾವನ್ನು, ಇಂದು ಕೋರಿನೆಬ್ಯಾಕ್ಟೀರಿಯಂ ಗ್ಲುಟಮಿಕಮ್ ಎಂದು ಕರೆಯುವುದನ್ನು, ಜಪಾನಿನ ಕಿನೊಶಿಟ ಅವರ ತಂಡ 1950ರ ದಶಕದಲ್ಲಿ ಕಂಡುಹಿಡಿಯಿತು. ಒಳಗೆಳೆಯುವ ಸೋಡಿಯಂ ವಾಹಕ ಇದರಲ್ಲೂ ಇದೆ. ಕಾರ್ಖಾನೆಯವರು ಆ ವಾಹಕವನ್ನು ತಿರುಗಿಸುವುದಿಲ್ಲ. ಬಯೋಟಿನ್ ಕೊರತೆ ಮಾಡಿ ಅಥವಾ ಪೆನಿಸಿಲಿನ್ ಹಾಕಿ ಕೋಶದ ಹೊದಿಕೆಯನ್ನು ಒತ್ತಡಕ್ಕೆ ಸಿಲುಕಿಸುತ್ತಾರೆ. ಪೊರೆಯ ಬಿಗಿತ ಬದಲಾದಾಗ ತೆರೆದುಕೊಳ್ಳುವ ಒಂದು ಕಾಲುವೆಯ ಮೂಲಕ ಗ್ಲುಟಮೇಟ್ ಹೊರಸುರಿಯುತ್ತದೆ; ಆ ಕಾಲುವೆಯ ಜೀನನ್ನು 2007ರಲ್ಲಿ ಗುರುತಿಸಿದರು. ದಟ್ಟವಾದ ಕಡೆಯಿಂದ ತೆಳುವಾದ ಕಡೆಗೆ, ಅದೂ ಒಳಬದಿಯ ಋಣ ಆವೇಶ ಹೊರದೂಡುತ್ತಿರುವಾಗ ಹೋಗಲು ಯಾವ ಜೊತೆಗಾರ ಅಯಾನೂ ಬೇಕಿಲ್ಲ.

ಕೊನೆಯದು ಪ್ರಯೋಗ. ವಿಕಿರಣಶೀಲ ಗ್ಲುಟಮೇಟ್ ಕಾಲೇಜಿನ ಪ್ರಯೋಗಾಲಯಕ್ಕೆ ಬೇಡ. ಅದರ ಬದಲು ಇ. ಕೋಲಿ ಕೆ-12ರ ಒಂದು ಹಳೆಯ ಗುಣವನ್ನು ಬಳಸಿಕೊಳ್ಳಿ. ಗ್ಲುಟಮೇಟ್ ಒಂದನ್ನೇ ಇಂಗಾಲದ ಮೂಲವಾಗಿ ಕೊಟ್ಟರೆ ಕೆ-12ರ ಮೂಲ ತಳಿ ಬೆಳೆಯುವುದಿಲ್ಲ, ಏಕೆಂದರೆ ಸಾಕಷ್ಟು ವೇಗವಾಗಿ ಅದನ್ನು ಒಳಗೆಳೆದುಕೊಳ್ಳಲಾರದು. ಅಂಥ ತಟ್ಟೆಯ ಮೇಲೆ ಬಹಳಷ್ಟು ಕೋಶಗಳನ್ನು ಹರಡಿ ಕೆಲವು ದಿನ ಬಿಟ್ಟರೆ ಅಲ್ಲೊಂದು ಇಲ್ಲೊಂದು ಗುಂಪು ಮೂಡುತ್ತದೆ. ಇವು ಸಾಗಣೆ ಹೆಚ್ಚಾದ ರೂಪಾಂತರಗಳು. ಜೆರುಸಲೇಮಿನ ಹಾಲ್ಪರ್ನ್ 1960ರ ದಶಕದಲ್ಲಿ ಈ ದಾರಿಯಿಂದಲೇ ಗ್ಲುಟಮೇಟ್ ಸಾಗಣೆಯ ತಳಿಶಾಸ್ತ್ರ ಶುರುಮಾಡಿದರು. ಸಿಕ್ಕ ರೂಪಾಂತರವನ್ನು ಗ್ಲುಟಮೇಟೇ ಇಂಗಾಲವಾಗಿರುವ ದ್ರವ ಮಾಧ್ಯಮದಲ್ಲಿ ಬೆಳೆಸಿ: ಒಂದು ಫ್ಲಾಸ್ಕಿಗೆ 20 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, ಇನ್ನೊಂದಕ್ಕೆ ಅಷ್ಟೇ ಪೊಟ್ಯಾಸಿಯಮ್ ಕ್ಲೋರೈಡ್, ಮೂರನೆಯದಕ್ಕೆ ಅಷ್ಟೇ ಕೋಲೀನ್ ಕ್ಲೋರೈಡ್. ಗ್ಲುಟಮೇಟಿನ ಬದಲು ಸಕ್ಸಿನೇಟ್ ಇಂಗಾಲವಾಗಿರುವ ಇಂಥದ್ದೇ ಇನ್ನೂ ಮೂರು ಫ್ಲಾಸ್ಕುಗಳನ್ನೂ ಇಡಿ. ಅಲ್ಲಿ ಮೂರೂ ಒಂದೇ ರೀತಿ ಬೆಳೆದರೆ ವ್ಯತ್ಯಾಸ ಗ್ಲುಟಮೇಟಿನದ್ದೇ ಎಂದು ಖಚಿತವಾಗುತ್ತದೆ. ಪ್ರತಿ ಅರ್ಧ ಗಂಟೆಗೊಮ್ಮೆ 600 ನ್ಯಾನೋಮೀಟರ್ ಬೆಳಕಿನಲ್ಲಿ ದ್ರವದ ಮಬ್ಬನ್ನು (ದ್ಯುತಿ ಸಾಂದ್ರತೆ) ಅಳೆಯಿರಿ. ಸೋಡಿಯಂ ಇದ್ದಲ್ಲಿ ಮಾತ್ರ ಬೆಳೆದರೆ ಕೆಲಸ ಮಾಡುತ್ತಿರುವುದು ಜಿಎಲ್‌ಟಿ-ಎಸ್ ಎಂದು ಶಂಕಿಸಬಹುದು; ಮೂರರಲ್ಲೂ ಬೆಳೆದರೆ ಜಿಎಲ್‌ಟಿ-ಪಿ ಕಡೆ ನೋಡಿ. ಎರಡೂ ಒಳ್ಳೆಯ ಫಲಿತಾಂಶವೇ.

ಈ ಪ್ರಯೋಗ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ, ಬೇಡದ ಸೋಡಿಯಂ ನುಸುಳುವುದರಿಂದ. ಅಂಗಡಿಯ ಟೇಸ್ಟಿಂಗ್ ಪೌಡರ್ ಬಳಸಬೇಡಿ, ಅದರಲ್ಲಿ ಒಂದೊಂದು ಗ್ಲುಟಮೇಟಿಗೆ ಒಂದೊಂದು ಸೋಡಿಯಂ ಅಂಟಿಕೊಂಡೇ ಬಂದಿರುತ್ತದೆ. ಗ್ಲುಟಮಿಕ್ ಆಮ್ಲ ಕೊಂಡು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್‌ನಿಂದ ನೀವೇ ತಟಸ್ಥಗೊಳಿಸಿ. ಫಾಸ್ಫೇಟ್ ಲವಣಗಳೂ ಪೊಟ್ಯಾಸಿಯಮ್ಮಿನವೇ ಆಗಿರಲಿ, ಸಕ್ಸಿನೇಟನ್ನೂ ಸಕ್ಸಿನಿಕ್ ಆಮ್ಲದಿಂದ ಹಾಗೆಯೇ ತಯಾರಿಸಿ. ಅಗರ್‌ನಲ್ಲೂ ಸೋಡಿಯಂ ಇರುತ್ತದೆ, ಹಾಗಾಗಿಯೇ ದ್ರವ ಮಾಧ್ಯಮ ಎಂದದ್ದು. ಫ್ಲಾಸ್ಕುಗಳನ್ನು ಸೋಪಿನಿಂದ ತೊಳೆದ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಆಮೇಲೆ ಬಟ್ಟಿ ಇಳಿಸಿದ ನೀರಿನಲ್ಲಿ ಹಲವು ಸಲ ತೊಳೆಯಿರಿ. ಕೋಶಗಳನ್ನೂ ಸೋಡಿಯಂ ಇಲ್ಲದ ಮಾಧ್ಯಮದಲ್ಲಿ ಎರಡು ಸಲ ತೊಳೆದೇ ಫ್ಲಾಸ್ಕಿಗೆ ಹಾಕಿ, ಏಕೆಂದರೆ ಅವುಗಳನ್ನು ಮೊದಲು ಬೆಳೆಸಿದ ಸಾಮಾನ್ಯ ಪೋಷಕ ದ್ರವದಲ್ಲಿ ಉಪ್ಪು ಇದ್ದೇ ಇರುತ್ತದೆ.